ಕೂದಲು ಉದುರುವಿಕೆಯ ಚಿಕಿತ್ಸೆ: ಎದುರು ಕುಳಿತವರು ವೈದ್ಯರೇ, ಮಾರಾಟಗಾರರೇ?

ಕಲ್ಪತರುನಾಡು ಬರೆದದ್ದು:

ಕಳೆದ ವರ್ಷ ಆಗಸ್ಟ್‌ನಲ್ಲಿ ಡೆಂಗಿ ಜ್ವರ ಬಂದು ಆರು ದಿನ ಆಸ್ಪತ್ರೆಯಲ್ಲಿ ಮಲಗಿದ್ದೆ. ಚೇತರಿಸಿಕೊಂಡು ಬೆಂಗಳೂರಿನ ಕೆಲಸಕ್ಕೆ ಮರಳಿ, ಜ್ವರವನ್ನು ಮರೆತೂ ಬಿಟ್ಟ ಮೇಲೆ, ನವೆಂಬರ್ ಮೊದಲ ವಾರದಿಂದ ಬಾಚಣಿಗೆಗೆ ಹಿಡಿಹಿಡಿಯಾಗಿ ಕೂದಲು ಬರತೊಡಗಿತು. ದಿಂಬಿನ ಮೇಲೆ, ಅಂಗಿಯ ಹೆಗಲ ಮೇಲೆ, ಊಟದ ತಟ್ಟೆಯಲ್ಲಿ, ಎಲ್ಲಿ ನೋಡಿದರೂ ಕೂದಲು. ನನಗೀಗ 29 ವರ್ಷ. ಮನೆಯಲ್ಲಿ ಹೆಣ್ಣು ನೋಡುವ ಮಾತು ನಡೆಯುತ್ತಿತ್ತು. ತಂದೆಯವರಿಗೆ ನಲವತ್ತು ತುಂಬುವ ಮೊದಲೇ ನಡುನೆತ್ತಿ ಬೋಳಾಗಿತ್ತು. ಇವೆರಡೂ ಸೇರಿ ರಾತ್ರಿಯ ನಿದ್ದೆ ಹಾರಿಹೋಗಿತ್ತು ಎಂಬುದನ್ನು ಮುಚ್ಚಿಡದೆ ಹೇಳುತ್ತೇನೆ, ಏಕೆಂದರೆ ಮುಂದೆ ನಡೆದದ್ದೆಲ್ಲ ಆ ಭಯದ ಬಲದ ಮೇಲೆಯೇ ನಡೆಯಿತು.

ಒಂದು ರಾತ್ರಿ ಮೊಬೈಲಿನಲ್ಲಿ ಕಂಡ ಜಾಹೀರಾತಿನ ಕೆಳಗೆ ಹೆಸರು ಮತ್ತು ಫೋನ್ ಸಂಖ್ಯೆ ಬರೆದೆ. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಕರೆ ಬಂತು, ಸಂಜೆಗೆ ‘ಉಚಿತ ತಪಾಸಣೆ’ ನಿಗದಿಯಾಯಿತು. ಆ ಕ್ಲಿನಿಕ್‌ನ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬಿಳಿ ಕೋಟು ತೊಟ್ಟ ಒಬ್ಬರು ತುಂಬು ವಿನಯದಿಂದ ಮಾತನಾಡಿಸಿ, ಪೆನ್ನಿನಂಥ ಕ್ಯಾಮೆರಾವನ್ನು ನನ್ನ ನೆತ್ತಿಗೆ ತಾಗಿಸಿ, ದೊಡ್ಡ ಪರದೆಯ ಮೇಲೆ ನನ್ನ ತಲೆಯ ಚರ್ಮವನ್ನು ತೋರಿಸಿದರು. ಹೊಟ್ಟು, ಎಣ್ಣೆ, ಅಲ್ಲಲ್ಲಿ ಖಾಲಿ ಜಾಗ. ‘ಬೇರುಗಳು ಸಾಯುತ್ತಿವೆ, ಈಗ ನೀವು ಗ್ರೇಡ್ 3, ಇನ್ನಾರು ತಿಂಗಳು ಬಿಟ್ಟರೆ ಗ್ರೇಡ್ 5, ಆಮೇಲೆ ಕಸಿಯೊಂದೇ ದಾರಿ’ ಎಂದರು. ತಂದೆಯವರ ತಲೆ ಹೇಗಿದೆ, ಮದುವೆ ಯಾವಾಗ, ಸಂಬಳ ಎಷ್ಟು ಎಂದೆಲ್ಲ ಕೇಳಿದರು. ಇತ್ತೀಚೆಗೆ ಜ್ವರ ಬಂದಿತ್ತೇ ಎಂದು ಮಾತ್ರ ಕೇಳಲಿಲ್ಲ.

ಒಂದು ವರ್ಷದ ಪ್ಯಾಕೇಜ್: ಎಂಟು ಸಿಟ್ಟಿಂಗ್ ಪಿಆರ್‌ಪಿ (ನಮ್ಮದೇ ರಕ್ತವನ್ನು ಯಂತ್ರದಲ್ಲಿ ತಿರುಗಿಸಿ, ಬೇರ್ಪಟ್ಟ ಭಾಗವನ್ನು ನೆತ್ತಿಗೆ ಚುಚ್ಚುವುದು), ಲೇಸರ್, ಅವರದೇ ಹೆಸರಿನ ಶಾಂಪೂ, ಸೀರಮ್, ಮಾತ್ರೆ. ಬೆಲೆ 1,40,000 ರೂಪಾಯಿ, ಆದರೆ ಅಂದೇ ಒಪ್ಪಿದರೆ 95,000. ಅಷ್ಟು ಹಣ ಕೈಯಲ್ಲಿಲ್ಲ ಎಂದಾಗ ಆಧಾರ್ ಮತ್ತು ಪ್ಯಾನ್ ಸಂಖ್ಯೆ ಪಡೆದು, ಮೂರು ಬಾರಿ ಓಟಿಪಿ ಕೇಳಿ, ಇಪ್ಪತ್ತು ನಿಮಿಷದಲ್ಲಿ ನನ್ನ ಹೆಸರಿಗೆ ಸಾಲ ಮಾಡಿಸಿದರು. ವೈದ್ಯರು ಬಂದದ್ದು ಆ ಮೇಲೆ. ನಾಲ್ಕು ನಿಮಿಷ ಇದ್ದರು.

ತಾಲ್ಲೂಕು ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಎರಡನೆಯ ಸಿಟ್ಟಿಂಗ್ ಮುಗಿದ ಮೇಲೆ ವಿಷಯ ತಿಳಿದು ಒಂದೇ ಪ್ರಶ್ನೆ ಕೇಳಿದಳು: ‘ಕಾಯಿಲೆಯ ಹೆಸರು ಏನೆಂದು ಬರೆದುಕೊಟ್ಟಿದ್ದಾರೆ?’ ಕಡತ ತೆಗೆದು ನೋಡಿದೆ. ರಸೀದಿ ಇತ್ತು, ಸಾಲದ ಪತ್ರ ಇತ್ತು, ಉತ್ಪನ್ನಗಳ ಪಟ್ಟಿ ಇತ್ತು. ಕಾಯಿಲೆಯ ಹೆಸರು ಎಲ್ಲಿಯೂ ಇರಲಿಲ್ಲ. ಆಕೆಯ ಒತ್ತಾಯಕ್ಕೆ ಸರ್ಕಾರಿ ವೈದ್ಯಕೀಯ ಕಾಲೇಜಿನ ಚರ್ಮರೋಗ ವಿಭಾಗಕ್ಕೆ ಹೋದೆ. ಹೊರರೋಗಿ ಚೀಟಿ ಮಾಡಿಸಿ ಎರಡು ಗಂಟೆ ಸಾಲಿನಲ್ಲಿ ಕಾದೆ. ಅಲ್ಲಿನ ವೈದ್ಯೆ ಕೇಳಿದ ಮೊದಲ ಪ್ರಶ್ನೆಯೇ ‘ಮೂರು ನಾಲ್ಕು ತಿಂಗಳ ಹಿಂದೆ ಜ್ವರ, ಶಸ್ತ್ರಚಿಕಿತ್ಸೆ, ತೂಕ ಇಳಿದದ್ದು ಏನಾದರೂ ಇತ್ತೇ?’ ಎಂಬುದು. ಟೆಲೋಜೆನ್ ಎಫ್ಲುವಿಯಮ್, ಅಂದರೆ ಜ್ವರದಂಥ ಪೆಟ್ಟಿನ ನಂತರ ಕೆಲಕಾಲ ಕೂದಲು ಉದುರುವ ಕಾಯಿಲೆ ಎಂದು ಬರೆದುಕೊಟ್ಟರು. ರಕ್ತದಲ್ಲಿ ಕಬ್ಬಿಣದ ದಾಸ್ತಾನು ಕಡಿಮೆಯಿತ್ತು, ಅದಕ್ಕೆ ಮಾತ್ರೆ ಕೊಟ್ಟರು. ಉಳಿದಂತೆ ಕಾಯಲು ಹೇಳಿದರು.

ಹಣ ಹೋದದ್ದಕ್ಕಿಂತ, ಅಷ್ಟು ಓದಿದ ನಾನು ಆ ಕುರ್ಚಿಯಲ್ಲಿ ಕುಳಿತಾಗ ಎದುರಿಗಿರುವವರು ಯಾರು, ಅವರ ಓದು ಏನು ಎಂದು ಕೇಳಲೇ ಇಲ್ಲವಲ್ಲ ಎಂಬುದು ನನ್ನನ್ನು ಹೆಚ್ಚು ಕಾಡುತ್ತಿದೆ. ತಿಳಿದವರು ಬರೆಯಬೇಕೆಂದು ಕೋರುತ್ತೇನೆ.

ತುಂಗಾತೀರದ ವೈದ್ಯೆ ಬರೆದದ್ದು:

ನಾನು ಚರ್ಮರೋಗ ತಜ್ಞೆ, ಶಿವಮೊಗ್ಗದಲ್ಲಿ ಹದಿನಾಲ್ಕು ವರ್ಷಗಳಿಂದ ರೋಗಿಗಳನ್ನು ನೋಡುತ್ತಿದ್ದೇನೆ. ನಿಮ್ಮ ಅಕ್ಕನವರು ಕೇಳಿದ ಪ್ರಶ್ನೆ ಈ ಇಡೀ ವಿಷಯದ ನಡುಗಂಬ. ಕೂದಲು ಉದುರುವುದು ಜ್ವರ ಅಥವಾ ಹೊಟ್ಟೆನೋವಿನಂತೆ ಒಂದು ಲಕ್ಷಣ, ಅದರ ಹಿಂದೆ ಇರಬಹುದಾದ ಕಾಯಿಲೆಗಳು ಹಲವು, ಮತ್ತು ಒಂದರ ಔಷಧ ಇನ್ನೊಂದಕ್ಕೆ ನಡೆಯುವುದಿಲ್ಲ.

ನಮ್ಮ ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲುಗಳಿವೆ. ಒಂದೊಂದೂ ಎರಡರಿಂದ ಆರು ವರ್ಷ ಬೆಳೆದು, ಮೂರು ತಿಂಗಳಷ್ಟು ವಿಶ್ರಮಿಸಿ ಉದುರುತ್ತದೆ, ಅದೇ ಬುಡದಿಂದ ಹೊಸದು ಹುಟ್ಟುತ್ತದೆ. ಹೀಗಾಗಿ ದಿನಕ್ಕೆ 50ರಿಂದ 100 ಕೂದಲು ಬೀಳುವುದು ಸಹಜ. ಡೆಂಗಿ, ಟೈಫಾಯ್ಡ್, ಕೋವಿಡ್, ಹೆರಿಗೆ, ದೊಡ್ಡ ಶಸ್ತ್ರಚಿಕಿತ್ಸೆ ಅಥವಾ ಕಟ್ಟುನಿಟ್ಟಿನ ಉಪವಾಸದಿಂದ ದೇಹಕ್ಕೆ ಪೆಟ್ಟು ಬಿದ್ದಾಗ ಬೆಳೆಯುತ್ತಿದ್ದ ಕೂದಲುಗಳಲ್ಲಿ ದೊಡ್ಡ ಪಾಲು ಒಟ್ಟಿಗೆ ವಿಶ್ರಾಂತಿಗೆ ಸರಿಯುತ್ತದೆ, ಮತ್ತು ಎರಡು ಮೂರು ತಿಂಗಳ ಬಳಿಕ ಒಟ್ಟಿಗೆ ಉದುರುತ್ತದೆ. ಬುಡ ಸತ್ತಿರುವುದಿಲ್ಲ. ಹೊಸ ಕೂದಲು ಮೇಲಕ್ಕೆ ತಳ್ಳುತ್ತಿರುವುದರಿಂದಲೇ ಹಳೆಯದು ಕೈಗೆ ಬರುತ್ತದೆ. ಹೆಚ್ಚಿನವರಲ್ಲಿ ಆರು ತಿಂಗಳೊಳಗೆ ಇದು ತಾನಾಗಿ ನಿಲ್ಲುತ್ತದೆ, ಆದರೆ ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಮಾತ್ರವಾದ್ದರಿಂದ ಹಿಂದಿನ ದಟ್ಟಣೆ ಕಾಣಲು ಇನ್ನೂ ಸಮಯ ಹಿಡಿಯುತ್ತದೆ.

ಈಗ ಮಾರಾಟದ ಬಗ್ಗೆ ಯೋಚಿಸಿ. ತಾನಾಗಿ ವಾಸಿಯಾಗುವ ಕಾಯಿಲೆಗೆ ಒಂದು ವರ್ಷದ ಪ್ಯಾಕೇಜ್ ಕೊಟ್ಟರೆ ವರ್ಷದ ಕೊನೆಯಲ್ಲಿ ಕೂದಲು ಬಂದೇ ಇರುತ್ತದೆ. ಕೀರ್ತಿ ಪ್ಯಾಕೇಜಿಗೆ ಸಲ್ಲುತ್ತದೆ. ‘ಮೊದಲು, ನಂತರ’ ಎಂಬ ಜೋಡಿ ಚಿತ್ರಗಳಲ್ಲಿ ಇಂಥವು ಎಷ್ಟಿರಬಹುದು ಎಂಬುದನ್ನು ನೆನೆದರೆ ನನಗೆ ಸಂಕಟವಾಗುತ್ತದೆ. ರೋಗಿ ಪ್ರಾಮಾಣಿಕವಾಗಿ ಹತ್ತು ಜನರಿಗೆ ಶಿಫಾರಸು ಮಾಡುತ್ತಾನೆ, ಆ ಹತ್ತು ಜನರಲ್ಲಿ ನಿಜವಾದ ವಂಶಪಾರಂಪರ್ಯ ಬೋಳುತನ ಇರುವವರು ಹಣ ಕಳೆದುಕೊಳ್ಳುತ್ತಾರೆ.

ಆ ವಂಶಪಾರಂಪರ್ಯದ ಬೋಳುತನ ಬೇರೆಯೇ ಸಂಗತಿ. ಡಿಎಚ್‌ಟಿ ಎಂಬ ಹಾರ್ಮೋನಿಗೆ ಸೂಕ್ಷ್ಮವಾದ ಬುಡಗಳು ವರ್ಷದಿಂದ ವರ್ಷಕ್ಕೆ ಕುಗ್ಗುತ್ತ ಹೋಗಿ, ಕೂದಲು ತೆಳುವಾಗಿ, ಕೊನೆಗೆ ಕಣ್ಣಿಗೆ ಕಾಣದಂತಾಗುತ್ತದೆ. ಗಂಡಸರಲ್ಲಿ ಇದನ್ನು ಅಳೆಯುವ ನಾರ್ವುಡ್ ಮಾಪನದಲ್ಲಿ ಏಳು ಹಂತಗಳಿವೆ. ಆರೇ ತಿಂಗಳಲ್ಲಿ 3ರಿಂದ 5ಕ್ಕೆ ಜಾರುವುದು ಸಾಮಾನ್ಯ ಗತಿಯಲ್ಲ, ಸಾಮಾನ್ಯವಾಗಿ ಅದಕ್ಕೆ ವರ್ಷಗಳೇ ಹಿಡಿಯುತ್ತವೆ. ಇದಕ್ಕೆ ಗಟ್ಟಿ ಆಧಾರವಿರುವ ಔಷಧಗಳು ಹೊಸವಲ್ಲ. ರಕ್ತದೊತ್ತಡದ ಮಾತ್ರೆಯಾಗಿ ಹುಟ್ಟಿದ ಮಿನಾಕ್ಸಿಡಿಲ್ ಅನ್ನು ನೆತ್ತಿಗೆ ಹಚ್ಚುವ ದ್ರವವಾಗಿ ಅಮೆರಿಕದಲ್ಲಿ 1988ರಲ್ಲಿ ಒಪ್ಪಿದರು. ಪ್ರಾಸ್ಟೇಟ್ ಗ್ರಂಥಿಯ ತೊಂದರೆಗೆ ಬಳಸುತ್ತಿದ್ದ ಫಿನಾಸ್ಟರೈಡ್ ಅನ್ನು ದಿನಕ್ಕೆ 1 ಮಿಲಿಗ್ರಾಂ ಪ್ರಮಾಣದಲ್ಲಿ ಗಂಡಸರ ಬೋಳುತನಕ್ಕೆ 1997ರಲ್ಲಿ ಒಪ್ಪಿದರು. ಎರಡೂ ಸಾಮಾನ್ಯ ಔಷಧದಂಗಡಿಯಲ್ಲಿ ಸಿಗುತ್ತವೆ. ಯಾವುದನ್ನು ನಿಲ್ಲಿಸಿದರೂ ಅದರಿಂದ ಗಳಿಸಿದ್ದು ಸಾಮಾನ್ಯವಾಗಿ ಒಂದು ವರ್ಷದೊಳಗೆ ಕರಗುತ್ತದೆ. ಆದ್ದರಿಂದ ‘ಹನ್ನೆರಡು ತಿಂಗಳ ಶಾಶ್ವತ ಪರಿಹಾರ’ ಎಂಬ ಮಾತಿಗೆ ಈ ಕಾಯಿಲೆಯಲ್ಲಿ ಅರ್ಥವೇ ಇಲ್ಲ.

ಈ ಔಷಧಗಳಿಗೂ ಅಡ್ಡಪರಿಣಾಮಗಳಿವೆ, ಅವನ್ನು ಹೇಳಬೇಕಾದವರು ವೈದ್ಯರೇ. ಮಿನಾಕ್ಸಿಡಿಲ್ ಆರಂಭಿಸಿದ ಮೊದಲ ವಾರಗಳಲ್ಲಿ ಕೂದಲು ಇನ್ನಷ್ಟು ಉದುರಬಹುದು. ಫಿನಾಸ್ಟರೈಡ್ ತೆಗೆದುಕೊಳ್ಳುವ ಕೆಲವು ಗಂಡಸರಿಗೆ ಲೈಂಗಿಕ ಆಸಕ್ತಿ ಕುಗ್ಗಬಹುದು, ಕೆಲವರಿಗೆ ಮನಸ್ಸು ಕುಸಿಯಬಹುದು, ಗರ್ಭಿಣಿಯರು ಪುಡಿಯಾದ ಆ ಮಾತ್ರೆಯನ್ನು ಮುಟ್ಟಲೂ ಬಾರದು, ಮತ್ತು ಪ್ರಾಸ್ಟೇಟ್ ಪರೀಕ್ಷೆಯ ಪಿಎಸ್‌ಎ ಮಟ್ಟವನ್ನು ಅದು ಅರ್ಧಕ್ಕಿಳಿಸುವುದರಿಂದ ವಯಸ್ಸಾದವರು ಪರೀಕ್ಷೆಗೆ ಮುನ್ನ ತಿಳಿಸಲೇಬೇಕು. ಹೆಸರಿಲ್ಲದ ಮಾತ್ರೆಯನ್ನು ಡಬ್ಬಿಯಲ್ಲಿ ಹಾಕಿ ಕೊಡುವ ಕಡೆ ಇದನ್ನೆಲ್ಲ ಯಾರು ಹೇಳುತ್ತಾರೆ?

ಪಿಆರ್‌ಪಿಯ ಬಗ್ಗೆ ಹೇಳುವುದಾದರೆ, ಕೆಲವರಿಗೆ ಉಪಯೋಗ ಕಂಡಿದೆ. ಆದರೆ ರಕ್ತವನ್ನು ಎಷ್ಟು ತಿರುಗಿಸಬೇಕು, ಎಷ್ಟು ಬಾರಿ ಚುಚ್ಚಬೇಕು ಎಂಬುದು ಒಂದೊಂದು ಕಡೆ ಒಂದೊಂದು ರೀತಿಯಿದೆ, ಅಧ್ಯಯನಗಳ ಫಲಿತಾಂಶವೂ ಏಕರೂಪವಾಗಿಲ್ಲ. ಔಷಧದ ಜೊತೆಗೆ ಒಂದು ಪೂರಕವಾಗಿ ಅದನ್ನು ಚರ್ಚಿಸಬಹುದು. ಎಂಟು ಸಿಟ್ಟಿಂಗ್‌ಗಳ ಹಣವನ್ನು ಮುಂಗಡವಾಗಿ ಪಡೆಯಲು ವೈದ್ಯಕೀಯ ಕಾರಣ ಒಂದೂ ಇಲ್ಲ.

ಪರದೆಯ ಮೇಲೆ ತೋರಿಸಿದ ಚಿತ್ರದ ಬಗ್ಗೆಯೂ ಒಂದು ಮಾತು. ಅಷ್ಟು ದೊಡ್ಡದು ಮಾಡಿ ನೋಡಿದರೆ ಯಾರ ನೆತ್ತಿಯಾದರೂ ಬರಗಾಲದ ಹೊಲದಂತೆ ಕಾಣುತ್ತದೆ. ನಾವು ಟ್ರೈಕೋಸ್ಕೋಪ್‌ನಲ್ಲಿ (ನೆತ್ತಿಯನ್ನು ದೊಡ್ಡದಾಗಿ ತೋರಿಸುವ ಉಪಕರಣ) ನೋಡುವುದು ಕೂದಲುಗಳ ದಪ್ಪದಲ್ಲಿ ವ್ಯತ್ಯಾಸವಿದೆಯೇ, ಬುಡದ ಸುತ್ತ ಕೆಂಪಿದೆಯೇ, ರಂಧ್ರಗಳೇ ಮಾಯವಾಗಿವೆಯೇ ಎಂಬುದನ್ನು. ಕೊನೆಯದು ಬಹಳ ಮುಖ್ಯ. ಬುಡವನ್ನೇ ಸುಟ್ಟು ಗಾಯದ ಕಲೆ ಉಳಿಸುವ ಕಾಯಿಲೆಗಳಿವೆ, ಅವುಗಳಲ್ಲಿ ಕಳೆದ ಪ್ರತಿ ತಿಂಗಳೂ ಮರಳಿ ಬಾರದ ನಷ್ಟ. ಅಂಥ ಒಬ್ಬ ಹೆಣ್ಣುಮಗಳು ಹತ್ತು ತಿಂಗಳು ಸೀರಮ್ ಹಚ್ಚಿಕೊಂಡು, ಅಂಗೈಯಗಲ ಜಾಗ ಕಳೆದುಕೊಂಡು ನನ್ನ ಬಳಿ ಬಂದರು. ಅವರ ಪ್ಯಾಕೇಜ್ ಇನ್ನೂ ಎರಡು ತಿಂಗಳು ಬಾಕಿಯಿತ್ತು.

ಹಳೆಯ ಸಲಹೆಗಾರ್ತಿ ಬರೆದದ್ದು:

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಾನು ಇಂಥದೇ ಒಂದು ಕಡೆ ಎರಡು ವರ್ಷ ‘ಹೇರ್ ಕನ್ಸಲ್ಟೆಂಟ್’ ಆಗಿದ್ದೆ. ನಾನು ಓದಿದ್ದು ಬಿ.ಕಾಂ. ಸೇರಿದ ವಾರ ಐದು ದಿನ ತರಬೇತಿ ಕೊಟ್ಟರು. ಅದರಲ್ಲಿ ಒಂದೂವರೆ ದಿನ ಕೂದಲಿನ ಬಗ್ಗೆ, ಉಳಿದದ್ದೆಲ್ಲ ಗ್ರಾಹಕರ ಆಕ್ಷೇಪಣೆಗೆ ಹೇಗೆ ಉತ್ತರಿಸಬೇಕು ಎಂಬುದರ ಬಗ್ಗೆ. ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂದರೆ ಏನು ಹೇಳಬೇಕು, ‘ಹಣವಿಲ್ಲ’ ಎಂದರೆ ಏನು ಹೇಳಬೇಕು, ‘ಗ್ಯಾರಂಟಿ ಇದೆಯೇ’ ಎಂದರೆ ಗ್ಯಾರಂಟಿ ಎಂಬ ಪದವನ್ನು ಬಳಸದೆ ಗ್ಯಾರಂಟಿ ಇದೆ ಎಂಬ ಭಾವನೆ ಹೇಗೆ ಮೂಡಿಸಬೇಕು. ಬಿಳಿ ಕೋಟು ಸಂಸ್ಥೆಯೇ ಕೊಟ್ಟದ್ದು.

ನಮ್ಮ ಸಂಬಳದಲ್ಲಿ ಸಣ್ಣ ಭಾಗ ಮಾತ್ರ ಖಚಿತ, ಉಳಿದದ್ದು ತಿಂಗಳ ಗುರಿಗೆ ತಕ್ಕಂತೆ. ಬಾಗಿಲೊಳಗೆ ಬಂದವರನ್ನು ರೋಗಿ ಎನ್ನುತ್ತಿರಲಿಲ್ಲ, ‘ಲೀಡ್’ ಎನ್ನುತ್ತಿದ್ದರು. ಹತ್ತು ಲೀಡ್‌ಗಳಲ್ಲಿ ಎಷ್ಟು ಜನರಿಂದ ಅಂದೇ ಹಣ ಕಟ್ಟಿಸಿದಿರಿ ಎಂಬುದನ್ನು ಸಂಜೆ ವಾಟ್ಸಾಪ್ ಗುಂಪಿನಲ್ಲಿ ಹೆಸರಿನ ಸಮೇತ ಹಾಕುತ್ತಿದ್ದರು. ಹಾಗೆಯೇ ಹೊರಟುಹೋದವರಿಗೆ ಮರುದಿನ ಮ್ಯಾನೇಜರ್ ಕರೆ ಮಾಡಿ ‘ನಿಮಗಾಗಿ ವಿಶೇಷ ಅನುಮತಿ ಪಡೆದಿದ್ದೇನೆ’ ಎಂದು ಇನ್ನೂ ಹತ್ತು ಸಾವಿರ ಇಳಿಸುತ್ತಿದ್ದರು. ‘ಇವತ್ತಿಗೆ ಮಾತ್ರ’ ಎಂಬ ಬೆಲೆ ನಾನಿದ್ದ ಎರಡು ವರ್ಷವೂ ಪ್ರತಿದಿನ ಇತ್ತು.

ಮದುವೆಯ ದಿನಾಂಕ ಮತ್ತು ತಂದೆಯ ತಲೆಯ ವಿಷಯ ಕೇಳುವುದು ನಮಗೆ ಕಲಿಸಿದ್ದ ಪ್ರಶ್ನೆಗಳೇ. ಉತ್ತರವನ್ನು ಒಂದು ಕಾಲಂನಲ್ಲಿ ಬರೆದಿಡುತ್ತಿದ್ದೆವು, ಆ ಕಾಲಂನ ಹೆಸರು ‘ನೋವಿನ ಬಿಂದು’. ಜ್ವರದ ವಿಷಯ ಕೇಳಲು ನಮೂನೆಯಲ್ಲಿ ಜಾಗವಿರಲಿಲ್ಲ.

ನಾನು ಕೆಲಸ ಬಿಟ್ಟದ್ದು ಒಬ್ಬ ಹುಡುಗನಿಂದಾಗಿ. ಹಾಸನದ ಕಡೆಯವನು, ಡೆಲಿವರಿ ಕೆಲಸ ಮಾಡುತ್ತಿದ್ದ, ತಲೆಯಲ್ಲಿ ದುಂಡಗೆ ಎರಡು ಕಡೆ ಕೂದಲು ಹೋಗಿತ್ತು. ಅದು ಅಲೊಪೇಸಿಯಾ ಏರಿಯೇಟಾ, ದೇಹದ ರಕ್ಷಣಾ ವ್ಯವಸ್ಥೆಯೇ ಬುಡದ ಮೇಲೆ ಬೀಳುವ ಕಾಯಿಲೆ, ಚರ್ಮದ ವೈದ್ಯರು ಅದಕ್ಕೆ ಬೇರೆಯೇ ಔಷಧ ಕೊಡುತ್ತಾರೆ ಎಂಬುದು ಇಂದು ನನಗೆ ಗೊತ್ತು. ಅಂದು ನನಗೆ ಗೊತ್ತಿರಲಿಲ್ಲ. ಅವನಿಗೂ ಅದೇ ಪ್ಯಾಕೇಜ್ ಮಾರಿದೆ. ಕಂತು ಕಟ್ಟಲು ರಾತ್ರಿ ಪಾಳಿಯನ್ನೂ ಮಾಡುತ್ತಿದ್ದೇನೆ ಎಂದು ಅವನು ಹೇಳಿದ ದಿನ ನನ್ನ ಗುರಿ ಪೂರ್ತಿಯಾಗಿತ್ತು. ಅವನ ಕ್ಷಮೆ ಕೇಳುವ ದಾರಿ ನನಗಿಲ್ಲ, ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಕರಾವಳಿಯವ ಬರೆದದ್ದು:

ಮೇಲಿನವರು ಹೇಳಿದ್ದು ಪ್ಯಾಕೇಜಿನ ಕತೆ, ನನ್ನದು ಕಸಿಯದು. ನಾನು ಉಡುಪಿಯವನು, ದುಬೈನಲ್ಲಿ ಕೆಲಸ. 23ನೆಯ ವಯಸ್ಸಿನಲ್ಲಿ ರಜೆಗೆ ಊರಿಗೆ ಬಂದಾಗ ಒಂದು ಕಡೆ ಸಲಹೆಗಾರರ ಮಾತು ನಂಬಿ 3,500 ಗ್ರಾಫ್ಟ್‌ಗಳ (ಬುಡಸಮೇತ ತೆಗೆದು ನೆಡುವ ಕೂದಲಿನ ಸಣ್ಣ ಗೊಂಚಲುಗಳ) ಕೂದಲು ಕಸಿ ಮಾಡಿಸಿಕೊಂಡೆ. ಗ್ರಾಫ್ಟ್‌ಗಳ ಲೆಕ್ಕದಲ್ಲಿ ಬೆಲೆ, ಹೆಚ್ಚು ಗ್ರಾಫ್ಟ್ ಎಂದರೆ ಹೆಚ್ಚು ಹಣ. ನನ್ನ ಹಣೆಯ ಗೆರೆಯನ್ನು ಹೈಸ್ಕೂಲಿನ ದಿನಗಳಲ್ಲಿದ್ದಷ್ಟು ಕೆಳಗೆ ಎಳೆದದ್ದು ವೈದ್ಯರಲ್ಲ, ಆ ಸಲಹೆಗಾರರೇ. ಶಸ್ತ್ರಚಿಕಿತ್ಸೆಯ ದಿನ ವೈದ್ಯರು ಬಂದು ಅರಿವಳಿಕೆ ಚುಚ್ಚಿ ಹೋದರು, ಉಳಿದ ಏಳು ಗಂಟೆ ಕೆಲಸ ಮಾಡಿದವರು ತಂತ್ರಜ್ಞರು.

ಯಾರೂ ಹೇಳದ ಸಂಗತಿ ಏನೆಂದರೆ, ತಲೆಯ ಹಿಂಭಾಗದಿಂದ ತೆಗೆದ ಕೂದಲು ಅಲ್ಲಿ ಮತ್ತೆ ಹುಟ್ಟುವುದಿಲ್ಲ. ಆ ‘ಡೋನರ್’ ಜಾಗ ಜೀವಮಾನಕ್ಕೆ ಇರುವ ಒಂದೇ ಉಳಿತಾಯ ಖಾತೆ. ಕಸಿ ಮಾಡಿದ ಕೂದಲು ಉಳಿಯುತ್ತದೆ, ಅದರ ಹಿಂದಿರುವ ನಮ್ಮದೇ ಕೂದಲು ಔಷಧವಿಲ್ಲದಿದ್ದರೆ ಹೋಗುತ್ತಲೇ ಇರುತ್ತದೆ. ಈಗ ನನಗೆ 31. ಮುಂದೆ ಒಂದು ಸಾಲು ಬೇಲಿಯಂತೆ ಕೂದಲಿದೆ, ಅದರ ಹಿಂದೆ ಬಯಲು, ಹಿಂಭಾಗದಲ್ಲಿ ಚುಕ್ಕಿಚುಕ್ಕಿ ಕಲೆ. ಇಪ್ಪತ್ತರ ಆರಂಭದಲ್ಲಿರುವ ಹುಡುಗನಿಗೆ ಬೋಳುತನ ಎಲ್ಲಿಗೆ ಹೋಗಿ ನಿಲ್ಲುತ್ತದೆ ಎಂಬುದು ತಿಳಿಯುವ ಮೊದಲೇ ಕಸಿ ಮಾಡಲು ಒಳ್ಳೆಯ ವೈದ್ಯರು ಹಿಂಜರಿಯುತ್ತಾರೆ ಎಂದು ಆಮೇಲೆ ತಿಳಿಯಿತು. ‘ಇನ್ನು ಐದು ವರ್ಷ ಬಿಟ್ಟು ಬನ್ನಿ’ ಎನ್ನುವುದರಿಂದ ಸಲಹೆಗಾರರಿಗೆ ಏನೂ ಸಿಗುವುದಿಲ್ಲ.

ಅಂದದ ಹಾನಿ ಹೇಗೋ ಸಹಿಸಬಹುದು. 2019ರಲ್ಲಿ ಮುಂಬೈಯಲ್ಲಿ ಒಂದೇ ಬಾರಿಗೆ 9,000ಕ್ಕೂ ಹೆಚ್ಚು ಗ್ರಾಫ್ಟ್ ಹಾಕಿಸಿಕೊಂಡ ವ್ಯಾಪಾರಿಯೊಬ್ಬರು ಎರಡು ದಿನಗಳಲ್ಲಿ ತೀರಿಕೊಂಡರು. ದೆಹಲಿಯಲ್ಲಿ ಕಸಿಯ ನಂತರ ಸೋಂಕು ಏರಿ ಒಬ್ಬ ಯುವಕ ಸತ್ತ ಪ್ರಕರಣ ಅಲ್ಲಿನ ಹೈಕೋರ್ಟ್‌ವರೆಗೆ ಹೋಯಿತು. 2022ರ ಸೆಪ್ಟೆಂಬರ್‌ನಲ್ಲಿ ರಾಷ್ಟ್ರೀಯ ವೈದ್ಯಕೀಯ ಆಯೋಗ ಮಾರ್ಗಸೂಚಿ ಹೊರಡಿಸಿ, ಕೂದಲು ಕಸಿಯನ್ನು ಪ್ಲಾಸ್ಟಿಕ್ ಸರ್ಜರಿ ಅಥವಾ ಚರ್ಮರೋಗ ಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿಯ ಜೊತೆಗೆ ಶಸ್ತ್ರಚಿಕಿತ್ಸೆಯ ಸಾಕಷ್ಟು ತರಬೇತಿ ಪಡೆದವರೇ ಮಾಡಬೇಕು, ಕಾರ್ಯಾಗಾರ ಅಥವಾ ಯೂಟ್ಯೂಬ್ ನೋಡಿ ಕಲಿತದ್ದು ತರಬೇತಿಯಾಗದು, ತುರ್ತು ಸ್ಥಿತಿಯನ್ನು ನಿಭಾಯಿಸುವ ಸೌಲಭ್ಯ ಇರಬೇಕು ಎಂದು ಸ್ಪಷ್ಟಪಡಿಸಿತು. ಅಷ್ಟಾದ ಮೇಲೂ 2025ರಲ್ಲಿ ಕಾನ್ಪುರದಿಂದ ಇಬ್ಬರು ಎಂಜಿನಿಯರ್‌ಗಳ ಸಾವಿನ ಸುದ್ದಿ ಬಂತು.

ಇಲ್ಲಿ ಗಲ್ಫ್‌ನಲ್ಲಿರುವ ನಮ್ಮವರಿಗೆ ಈಗ ಇಸ್ತಾಂಬುಲ್‌ನ ಆಫರ್‌ಗಳು ವಾಟ್ಸಾಪ್‌ನಲ್ಲಿ ಬರುತ್ತಿವೆ, ಹೋಟೆಲ್, ವಿಮಾನ ನಿಲ್ದಾಣದಿಂದ ಕಾರು ಎಲ್ಲ ಸೇರಿ ಒಂದೇ ಬೆಲೆ. ಅಲ್ಲಿ ಒಳ್ಳೆಯ ಶಸ್ತ್ರಚಿಕಿತ್ಸಕರು ಇಲ್ಲವೆಂದಲ್ಲ. ಆದರೆ ಸಂದೇಶ ಕಳುಹಿಸುವವರು ಅವರಲ್ಲ.

ಮಲ್ಲೇಶ್ವರದವರು ಬರೆದದ್ದು:

ನನ್ನ ತಮ್ಮ ಚರ್ಮದ ಕ್ಲಿನಿಕ್ ನಡೆಸುತ್ತಾನೆ, ಆದ್ದರಿಂದ ಇನ್ನೊಂದು ಬದಿಯ ಮಾತನ್ನೂ ಹೇಳಬೇಕೆನಿಸಿತು. ಸಲಹೆಗಾರರನ್ನು ಇಟ್ಟುಕೊಂಡವರೆಲ್ಲ ಮೋಸಗಾರರಲ್ಲ. ಒಬ್ಬ ವೈದ್ಯರು ದಿನಕ್ಕೆ ನಲವತ್ತು ಜನರನ್ನು ನೋಡುವಾಗ ಬೆಲೆ, ದಿನಾಂಕ, ಮುನ್ನೆಚ್ಚರಿಕೆಗಳನ್ನು ವಿವರಿಸಲು ಒಬ್ಬರು ಬೇಕಾಗುತ್ತದೆ. ಅಲ್ಲದೆ ರೋಗಿಗಳೂ ‘ಕಾಯಿರಿ, ತಾನಾಗಿ ಸರಿಹೋಗುತ್ತದೆ’ ಎಂಬ ಮಾತಿಗೆ ಹಣ ಕೊಡಲು ಒಪ್ಪುವುದಿಲ್ಲ. ನನ್ನ ತಮ್ಮ ಹಾಗೆ ಹೇಳಿ ಕಳುಹಿಸಿದ ಎಷ್ಟೋ ಜನ ಎದುರಿನ ಬೀದಿಯಲ್ಲಿ ಹೋಗಿ ಪ್ಯಾಕೇಜ್ ತೆಗೆದುಕೊಂಡಿದ್ದಾರೆ.

ತುಂಗಾತೀರದ ವೈದ್ಯೆ ಬರೆದದ್ದು:

ನಿಮ್ಮ ಎರಡನೆಯ ಮಾತು ನಿಜ, ನನಗೂ ಹಾಗೆಯೇ ಆಗಿದೆ. ಮೊದಲನೆಯದರ ಬಗ್ಗೆ ನನ್ನ ನಿಲುವು ಇಷ್ಟೇ: ಕಾಯಿಲೆಯ ಹೆಸರನ್ನು ವೈದ್ಯರು ಬರೆದ ಮೇಲೆ ಬೆಲೆಯನ್ನು ಯಾರು ಬೇಕಾದರೂ ವಿವರಿಸಲಿ. ಹೆಸರು ಬರೆಯುವ ಮೊದಲೇ ಬೆಲೆ ಹೇಳಿದರೆ, ಮತ್ತು ಹೇಳುವವರ ಆದಾಯ ಆ ಬೆಲೆಯ ಮೇಲೆ ನಿಂತಿದ್ದರೆ, ಅಲ್ಲಿ ತಪಾಸಣೆ ನಡೆದಿಲ್ಲ. ರೋಗಿಯನ್ನು ಕಳುಹಿಸಿದ್ದಕ್ಕೆ ಕಮಿಷನ್ ಪಡೆಯುವುದನ್ನು ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಾವಳಿ ನಮಗೆ ನಿಷೇಧಿಸಿದೆ. ಅದೇ ಕಮಿಷನ್ ಕೋಟು ತೊಟ್ಟ ಬೇರೊಬ್ಬರ ಕೈಗೆ ಹೋದಾಗ ಅದು ಶುದ್ಧವಾಗುವುದು ಹೇಗೆ?

ಇನ್ನು ಪದವಿಯ ವಿಷಯ. ಚರ್ಮರೋಗ ಶಾಸ್ತ್ರದಲ್ಲಿ ಎಂಡಿ ಅಥವಾ ಡಿಎನ್‌ಬಿ, ಇಲ್ಲವೇ ಡಿಡಿವಿಎಲ್ ಎಂಬ ಡಿಪ್ಲೊಮಾ, ಇವು ಚರ್ಮರೋಗ ತಜ್ಞರ ಅರ್ಹತೆಗಳು. ‘ಟ್ರೈಕಾಲಜಿಸ್ಟ್’ (ಕೂದಲಿನ ತಜ್ಞ), ‘ಕಾಸ್ಮೆಟಾಲಜಿಸ್ಟ್’ (ಸೌಂದರ್ಯ ತಜ್ಞ) ಎಂಬ ಫಲಕ ಕಂಡರೆ ಅದರ ಹಿಂದೆ ಯಾವ ವೈದ್ಯಕೀಯ ಪದವಿಯಿದೆ ಎಂದು ಕೇಳಿ. ವೈದ್ಯರ ನೋಂದಣಿ ಸಂಖ್ಯೆಯನ್ನು ಕರ್ನಾಟಕ ವೈದ್ಯಕೀಯ ಪರಿಷತ್ತಿನಲ್ಲಿ ಅಥವಾ ರಾಷ್ಟ್ರೀಯ ವೈದ್ಯಕೀಯ ಆಯೋಗದ ಜಾಲತಾಣದಲ್ಲಿ ಪರಿಶೀಲಿಸಬಹುದು. ಕೇಳಿದ್ದಕ್ಕೆ ಬೇಸರಪಡುವ ವೈದ್ಯರನ್ನು ನಾನು ಹೆಚ್ಚು ಕಂಡಿಲ್ಲ.

ಹುಬ್ಬಳ್ಳಿಯ ತಾಯಿ ಬರೆದದ್ದು:

ಹೆಣ್ಣುಮಕ್ಕಳ ಮಾತು ಇಲ್ಲಿ ಕಡಿಮೆ ಬಂದಿದೆ. ಹೆರಿಗೆಯಾಗಿ ನಾಲ್ಕನೆಯ ತಿಂಗಳಿಗೆ ನನ್ನ ಜಡೆ ಅರ್ಧಕ್ಕಿಳಿದಾಗ, ಬಾಣಂತಿಗೆ ಹೀಗಾಗುವುದು ರೂಢಿ ಎಂದು ಅತ್ತೆಯವರು ಹೇಳಿದ್ದನ್ನು ನಂಬದೆ ಒಂದು ಕಡೆ ಹೋದೆ. ಅಲ್ಲಿ ಬಯೋಟಿನ್ ಎಂಬ ವಿಟಮಿನ್ ಮಾತ್ರೆಗಳ ಆರು ತಿಂಗಳ ಡಬ್ಬಿಗಳನ್ನು ಕೊಟ್ಟರು. ಹಾಲೂಡಿಸುತ್ತಿದ್ದೀರಾ ಎಂದು ಕೇಳಲಿಲ್ಲ. ಆಮೇಲೆ ಥೈರಾಯ್ಡ್ ಪರೀಕ್ಷೆ ಮಾಡಿಸಿದಾಗ ವರದಿ ವಿಚಿತ್ರವಾಗಿ ಬಂತು. ಹೆಚ್ಚು ಪ್ರಮಾಣದ ಬಯೋಟಿನ್ ಕೆಲವು ರಕ್ತಪರೀಕ್ಷೆಗಳ ಅಂಕಿಗಳನ್ನೇ ಏರುಪೇರು ಮಾಡುತ್ತದೆ ಎಂದು ನಮ್ಮ ಕುಟುಂಬದ ವೈದ್ಯರು ವಿವರಿಸಿ, ಕೆಲವು ದಿನ ನಿಲ್ಲಿಸಿ ಮತ್ತೆ ಪರೀಕ್ಷೆ ಮಾಡಿಸಿದರು. ಎಲ್ಲವೂ ಸರಿಯಿತ್ತು. ಮಗುವಿಗೆ ವರ್ಷ ತುಂಬುವ ಹೊತ್ತಿಗೆ ಹಣೆಯ ಅಂಚಿನಲ್ಲಿ ಸಣ್ಣ ಕೂದಲು ನಿಂತವು. ನಿತ್ಯ ಬಿಗಿಯಾಗಿ ಎಳೆದು ಜಡೆ ಹಾಕುವುದರಿಂದಲೂ ಕಿವಿಯ ಮೇಲೆ ಕೂದಲು ಹೋಗುತ್ತದೆ ಎಂದು ಅದೇ ವೈದ್ಯರು ಹೇಳಿದ ಮೇಲೆ ಮಗಳಿಗೂ ಸಡಿಲ ಜಡೆಯನ್ನೇ ಹಾಕುತ್ತಿದ್ದೇನೆ.

ಬೋರ್‌ವೆಲ್ ನೀರು ಬದಲಿಸಿದರೆ ಬೋಳುತನ ನಿಲ್ಲುತ್ತದೆ ಎಂದು ನಲ್ಲಿಗೆ ಹಾಕುವ ಫಿಲ್ಟರ್ ಅನ್ನೂ ಅವರು ಮಾರಲು ನೋಡಿದ್ದರು. ಗಡಸು ನೀರಿನಿಂದ ಕೂದಲು ಒರಟಾಗಬಹುದು, ತುಂಡಾಗಬಹುದು, ಆದರೆ ವಂಶದಿಂದ ಬಂದ ಬೋಳುತನಕ್ಕೆ ನೀರು ಕಾರಣವಲ್ಲ ಎಂದು ವೈದ್ಯರು ತಿಳಿಸಿದರು.

ಧಾರವಾಡದ ವಕೀಲ ಬರೆದದ್ದು:

ಮೂಲ ಬರಹಗಾರರಿಗೆ ಕಾನೂನಿನ ಕಡೆಯಿಂದ ಕೆಲವು ಮಾತು. ವೈದ್ಯಕೀಯ ಸೇವೆ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬರುತ್ತದೆ ಎಂದು ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಕೊಡಬಹುದು. ಕೊಟ್ಟ ಹಣ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ, ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ ದಾಖಲಿಸಿ. ನಡೆಯದ ಸಿಟ್ಟಿಂಗ್‌ಗಳ ಹಣ ಹಿಂದಿರುಗಿಸಲು ಲಿಖಿತವಾಗಿ ಕೇಳಿ, ಫೋನಿನ ಮಾತಿಗೆ ತೃಪ್ತರಾಗಬೇಡಿ. ‘ಯಾವ ಕಾರಣಕ್ಕೂ ಹಣ ಮರಳಿಸುವುದಿಲ್ಲ’ ಎಂದು ರಸೀದಿಯ ಕೆಳಗೆ ಸಣ್ಣಕ್ಷರದಲ್ಲಿ ಮುದ್ರಿಸಿದ ಮಾತ್ರಕ್ಕೆ ಅದು ಅಂತಿಮವಾಗುವುದಿಲ್ಲ.

ಸಾಲ ಬೇರೆ, ಚಿಕಿತ್ಸೆ ಬೇರೆ ಎಂಬುದನ್ನು ನೆನಪಿಡಿ. ಕಂತು ಕಟ್ಟುವುದನ್ನು ಕೋಪದಲ್ಲಿ ನಿಲ್ಲಿಸಿದರೆ ಕ್ಲಿನಿಕ್‌ಗೆ ಏನೂ ಆಗುವುದಿಲ್ಲ, ಅವರಿಗೆ ಹಣ ಅಂದೇ ಸಂದಾಯವಾಗಿದೆ. ಸಿಬಿಲ್ ಅಂಕ ಕೆಡುವುದು ನಿಮ್ಮದು. ಡಿಜಿಟಲ್ ಸಾಲಗಳ ಬಗ್ಗೆ ರಿಸರ್ವ್ ಬ್ಯಾಂಕ್ ಹೊರಡಿಸಿದ ನಿಯಮಗಳ ಪ್ರಕಾರ ಸಾಲದ ನಿಜವಾದ ವೆಚ್ಚವನ್ನು ತಿಳಿಸುವ ವಿವರಪತ್ರವನ್ನು ಮೊದಲೇ ಕೊಡಬೇಕು, ಮತ್ತು ನಿಗದಿತ ಅವಧಿಯೊಳಗೆ ದಂಡವಿಲ್ಲದೆ ಸಾಲದಿಂದ ಹೊರಬರುವ ಅವಕಾಶವಿರಬೇಕು. ಮನೆಗೆ ಹೋದ ರಾತ್ರಿಯೇ ಮನಸ್ಸು ಬದಲಾದವರಿಗೆ ಇದು ದೊಡ್ಡ ಆಸರೆ, ಆದರೆ ಅದನ್ನು ಬಲ್ಲವರು ಕಡಿಮೆ.

ಕರ್ನಾಟಕದಲ್ಲಿ ಪ್ರತಿ ಖಾಸಗಿ ಕ್ಲಿನಿಕ್ ಕೂಡ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ನೋಂದಾಯಿಸಿಕೊಂಡಿರಬೇಕು, ಪ್ರಮಾಣಪತ್ರ ಮತ್ತು ದರಪಟ್ಟಿ ಕಣ್ಣಿಗೆ ಕಾಣುವಂತಿರಬೇಕು. ದೂರುಗಳನ್ನು ಜಿಲ್ಲಾಧಿಕಾರಿಗಳ ಅಧ್ಯಕ್ಷತೆಯ ಪ್ರಾಧಿಕಾರ ನೋಡುತ್ತದೆ. ಇನ್ನೊಂದು ವಿಷಯ: ಔಷಧ ನಿಯಮಗಳ ಜೆ ಅನುಸೂಚಿಯಲ್ಲಿ, ಗುಣಪಡಿಸುತ್ತೇವೆ ಎಂದು ಔಷಧದ ಹೆಸರಿನಲ್ಲಿ ಹೇಳಿಕೊಳ್ಳಬಾರದ ಕಾಯಿಲೆಗಳ ಪಟ್ಟಿಯಿದೆ. ಕ್ಯಾನ್ಸರ್, ಏಡ್ಸ್‌ಗಳ ಜೊತೆಗೆ ಬೋಳುತನವೂ ಹೊಸ ಕೂದಲು ಬೆಳೆಸುವ ಹೇಳಿಕೆಯೂ ಆ ಪಟ್ಟಿಯಲ್ಲಿವೆ. ಕೂದಲು ಕಸಿಗೆ ಶೇಕಡಾ 18ರ ಜಿಎಸ್‌ಟಿ ಇದೆ ಎಂಬುದನ್ನೂ ಗಮನಿಸಿ, ಸಲಹೆಗಾರರು ಬಾಯಲ್ಲಿ ಹೇಳುವ ಬೆಲೆಯಲ್ಲಿ ಅದು ಸೇರಿರುತ್ತದೆಯೇ ಎಂಬುದನ್ನು ಬರೆಸಿಕೊಳ್ಳಿ.

ಕಲ್ಪತರುನಾಡು ಬರೆದದ್ದು:

ಎಲ್ಲರಿಗೂ ಕೃತಜ್ಞತೆಗಳು, ವಿಶೇಷವಾಗಿ ಹಳೆಯ ಸಲಹೆಗಾರ್ತಿಯವರಿಗೆ. ನಿಮ್ಮ ಬರಹ ಓದಿದ ಮೇಲೆ ನನ್ನ ಎದುರು ಕುಳಿತಿದ್ದ ಆ ವ್ಯಕ್ತಿಯ ಮೇಲಿದ್ದ ಸಿಟ್ಟು ಅರ್ಧ ಇಳಿಯಿತು, ಅವರನ್ನು ಆ ಕುರ್ಚಿಯಲ್ಲಿ ಕೂರಿಸಿದವರ ಮೇಲೆ ಹೋಯಿತು.

ವಕೀಲರು ಹೇಳಿದಂತೆ 1915ಕ್ಕೆ ದೂರು ದಾಖಲಿಸಿ, ಸರ್ಕಾರಿ ವೈದ್ಯೆ ಬರೆದುಕೊಟ್ಟ ಚೀಟಿಯ ಪ್ರತಿಯನ್ನು ಲಗತ್ತಿಸಿ ಕ್ಲಿನಿಕ್‌ಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಪತ್ರ ಕಳುಹಿಸಿದೆ. ಮೊದಲು ‘ನೀತಿಯಲ್ಲಿ ಅವಕಾಶವಿಲ್ಲ’ ಎಂದರು. ಐದು ವಾರಗಳ ಬಳಿಕ, ಬಳಸದ ಆರು ಸಿಟ್ಟಿಂಗ್‌ಗಳ ಲೆಕ್ಕದಲ್ಲಿ 58,000 ರೂಪಾಯಿ ಮರಳಿಸಲು ಒಪ್ಪಿದರು. ಆ ಹಣವನ್ನು ನೇರವಾಗಿ ಸಾಲಕ್ಕೆ ಕಟ್ಟಿದೆ. ಶಾಂಪೂ, ಸೀರಮ್‌ಗಳ ಹಣ ಹೋಯಿತು. ಕೂದಲು ಉದುರುವುದು ಏಪ್ರಿಲ್ ಹೊತ್ತಿಗೆ ನಿಂತಿದೆ. ತಂದೆಯವರಂತೆ ಮುಂದೊಂದು ದಿನ ನನಗೂ ನಡುನೆತ್ತಿ ತೆಳುವಾಗಬಹುದು ಎಂದು ವೈದ್ಯೆ ಹೇಳಿದ್ದಾರೆ, ಆಗ ಬೇಕೆನಿಸಿದರೆ ಔಷಧದ ಬಗ್ಗೆ ಮಾತನಾಡೋಣ ಎಂದಿದ್ದಾರೆ. ಹುಡುಗಿಯ ಮನೆಯವರಿಗೂ ಇದನ್ನು ಹಾಗೆಯೇ ಹೇಳಿದೆ. ಅವರ ತಂದೆ ತಮ್ಮ ತಲೆ ಸವರಿಕೊಂಡು ಕಾಫಿ ತರಲು ಹೇಳಿದರು.

ತಿಪಟೂರಿನಲ್ಲಿರುವ ನನ್ನ ಚಿಕ್ಕಪ್ಪನ ಮಗ ನಿನ್ನೆ ಕರೆ ಮಾಡಿದ್ದ. ಅವನಿಗೂ ಕೂದಲು ಉದುರುತ್ತಿದೆ, ಶನಿವಾರ ಬೆಂಗಳೂರಿನಲ್ಲಿ ‘ಉಚಿತ ತಪಾಸಣೆ’ ಇದೆಯಂತೆ. ಮೂರು ತಿಂಗಳ ಹಿಂದೆ ಜ್ವರ ಬಂದಿತ್ತೇ ಎಂದು ಕೇಳಿದೆ, ಇಲ್ಲವೆಂದ. ಹಾಗಾದರೆ ಅವನದು ಬೇರೆ ಕಾಯಿಲೆಯೇ ಇರಬಹುದು. ಸೋಮವಾರ ತುಮಕೂರಿನ ಜಿಲ್ಲಾ ಆಸ್ಪತ್ರೆಗೆ ನಾನೇ ಜೊತೆಗೆ ಹೋಗುತ್ತಿದ್ದೇನೆ. ವೈದ್ಯರು ಬರೆದುಕೊಡುವ ಹೆಸರನ್ನು ಇಲ್ಲಿ ತಿಳಿಸುತ್ತೇನೆ.